ಬೆಕ್ಕಿಗೆ ಹೇಳಿದ ಮಾತು

ನನ್ನ ತಮ್ಮಂದಿರಿಬ್ಬರೂ ದರ್ಜಿಗಳು. ಒಂದೇ ಅಂಗಡಿಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು ಕೆಲಸ ಮಾಡುತ್ತಾರೆ. ದೊಡ್ಡವನು ಬಟ್ಟೆ ಕತ್ತರಿಸುತ್ತಾನೆ, ಚಿಕ್ಕವನು ಹೊಲಿಯುತ್ತಾನೆ, ನಾನು ಕಾಜ ಹಾಕಿ ಗುಂಡಿ ಕೂರಿಸುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಒಂದೇ ಒಲೆ, ಒಂದೇ ಬಚ್ಚಲು, ಒಂದೇ ಬಾಗಿಲು. ಇಷ್ಟೆಲ್ಲ ಒಂದಾಗಿದ್ದೂ ಅವರಿಬ್ಬರ ನಡುವೆ ಮಾತು ಮಾತ್ರ ಇರಲಿಲ್ಲ. ಮಾತು ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಬಿಟ್ಟಾಗ ದೊಡ್ಡವನ ತಲೆಯಲ್ಲಿ ಬಾಚುವಷ್ಟು ಕೂದಲಿತ್ತು.

ಕಾರಣ ಒಂದು ಕೋಟಿನ ತೋಳು. ಮದುಮಗನ ಕೋಟು. ಮದುವೆಯ ಬೆಳಗ್ಗೆ ಹಾಕಿಕೊಂಡರೆ ಎಡತೋಳು ಮಣಿಕಟ್ಟಿನಿಂದ ಮೇಲೆಯೇ ನಿಂತುಬಿಟ್ಟಿತು. ಪಾಪ, ಆ ಹುಡುಗ ದಿನವಿಡೀ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಮದುವೆಯಾದ. ಆಮೇಲೆ ಫೋಟೋ ನೋಡಿದವರು, ಹುಡುಗನ ಕೈಗೆ ಏನಾಗಿದೆ ಎಂದು ಕೇಳುತ್ತಿದ್ದರಂತೆ. ಕತ್ತರಿಸಿದ್ದೇ ಗಿಡ್ಡ ಎಂದು ಚಿಕ್ಕವನು. ಸರಿಯಾಗಿಯೇ ಕತ್ತರಿಸಿದ್ದೆ, ಹೊಲಿಯುವಾಗ ಬಟ್ಟೆಯನ್ನು ಹೆಚ್ಚು ಒಳಗೆ ಹಿಡಿದ ಎಂದು ದೊಡ್ಡವನು. ಆ ಕೋಟನ್ನು ಬಿಚ್ಚಿ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಆದರೆ ಮದುಮಗನ ಕಡೆಯವರು ಸಿಟ್ಟಿನಲ್ಲಿ ಕೋಟನ್ನು ವಾಪಸು ಕೊಡಲೇ ಇಲ್ಲ. ಹಾಗಾಗಿ ಇಬ್ಬರ ಮಾತೂ ನಿಜವಾಗಿಯೇ ಉಳಿಯಿತು.

ಮಾತು ಬಿಡಬಹುದು, ಕೆಲಸ ಬಿಡಲಾಗುವುದಿಲ್ಲವಲ್ಲ. ಕತ್ತರಿಸಿದವನು ಹೊಲಿಯುವವನಿಗೆ ಏನಾದರೂ ಹೇಳಲೇಬೇಕು. ನಡುವೆ ಸಿಕ್ಕಿದವಳು ನಾನು.

"ಅಕ್ಕಾ, ಅವನಿಗೆ ಹೇಳು, ಈ ಪ್ಯಾಂಟಿಗೆ ಹಿಂದಿನ ಜೇಬು ಬೇಡವಂತೆ."

ಅವನು ಕೈಗೆಟಕುವಷ್ಟು ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಾನೆ. ಆದರೂ ನಾನು ತಿರುಗಿ, "ಹಿಂದಿನ ಜೇಬು ಬೇಡವಂತೆ ಕಣೋ" ಅನ್ನಬೇಕು. ಅನ್ನುವವರೆಗೆ ಅವನು ಕಿವುಡ. ಅಂದ ಮೇಲೆ, "ನನಗೂ ಕಿವಿ ಇದೆ ಅಂತ ಹೇಳಕ್ಕಾ" ಅನ್ನುತ್ತಾನೆ. ಬೈಗುಳಗಳನ್ನೂ ನಾನೇ ಹೊತ್ತು ಹಾಕಬೇಕಿತ್ತು. ದೊಡ್ಡವನು ಕತ್ತೆ ಅಂದದ್ದನ್ನು ನಾನು ಒಗೆದು ಇಸ್ತ್ರಿ ಮಾಡಿ, "ಸ್ವಲ್ಪ ನೋಡಿಕೊಂಡು ಮಾಡು ಅಂತಾನೆ" ಎಂದು ಮುಟ್ಟಿಸುತ್ತಿದ್ದೆ. ಅದಕ್ಕೂ ಇಬ್ಬರಿಂದ ಬೈಸಿಕೊಂಡೆ. ಅಕ್ಕನಿಗೆ ಹೇಳಿದ್ದನ್ನು ಹೇಳಿದ ಹಾಗೆ ಹೇಳಲು ಬರುವುದಿಲ್ಲ ಎನ್ನುವ ಒಂದು ವಿಷಯದಲ್ಲಿ ಅವರಿಬ್ಬರಿಗೂ ಒಮ್ಮತವಿತ್ತು. ಗಂಡ ತೀರಿಹೋದ ಮೇಲೆ ತಮ್ಮಂದಿರ ಜೊತೆ ನೆಮ್ಮದಿಯಾಗಿರೋಣ ಎಂದು ಬಂದವಳು ನಾನು. ಬಂದು ನೋಡಿದರೆ, ಮನೆಯಲ್ಲಿ ಎರಡು ಬಾಯಿಗಳಿದ್ದವು, ಅವೆರಡಕ್ಕೂ ನನ್ನ ನಾಲಿಗೆಯೇ ಬೇಕಾಗಿತ್ತು.

ಅಂಥ ಕಾಲದಲ್ಲಿ ಬಂದಳು ಚಿಂದಿ. ಬಟ್ಟೆಯ ಚೂರುಗಳನ್ನು ತುಂಬಿಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬೆಳಗ್ಗೆ ಮಲಗಿದ್ದಳು, ಎಲ್ಲ ಬಣ್ಣದ ತುಂಡುಗಳ ನಡುವೆ ಅವಳೂ ಒಂದು ತುಂಡಿನ ಹಾಗೆ. ಹಾಗಾಗಿ ಚಿಂದಿ. ಓಡಿಸಬೇಕೆಂದು ದೊಡ್ಡವನು ಅಂದ; ಅವನು ಓಡಿಸಬೇಕೆಂದದ್ದಕ್ಕೇ ಚಿಕ್ಕವನು ಹಾಲಿಟ್ಟ. ಚಿಕ್ಕವನು ಹಾಲಿಟ್ಟದ್ದನ್ನು ನೋಡಿ ದೊಡ್ಡವನು ಮೀನು ತಂದ. ಹೀಗೆ ಅವಳು ಬಲು ಬೇಗ ದಪ್ಪಗಾದಳು.

ಒಂದು ದಿನ ದೊಡ್ಡವನು ಏನೋ ಹೇಳಲು ನನ್ನನ್ನು ಹುಡುಕಿದ. ನಾನು ಬಚ್ಚಲಲ್ಲಿದ್ದೆ. ಮೇಜಿನ ಮೇಲೆ ಬೆಕ್ಕಿತ್ತು.

"ಚಿಂದೀ, ನಿಮ್ಮ ಚಿಕ್ಕಪ್ಪನಿಗೆ ಹೇಳು, ಕಾಲರ್ ಬಟ್ಟೆ ಮುಗೀತು."

ಚಿಂದಿ ಆಕಳಿಸಿದಳು. ಚಿಕ್ಕವನ ಮಷೀನು ನಿಂತಿತು.

"ಚಿಂದೀ, ನಿಮ್ಮ ದೊಡ್ಡಪ್ಪನಿಗೆ ಹೇಳು, ನಿನ್ನೇನೇ ತಂದಿಟ್ಟಿದೀನಿ. ಕಣ್ಣು ಬಿಟ್ಟು ನೋಡಲಿ."

ನಾನು ಒದ್ದೆ ಕೈಯಲ್ಲೇ ಬಚ್ಚಲ ಬಾಗಿಲಲ್ಲಿ ನಿಂತೆ. ಅಂಗಡಿಯೊಳಗೆ ಹೋಗಲಿಲ್ಲ. ಕೆಲಸದಿಂದ ಬಿಡುಗಡೆಯಾದವರಿಗೆ ಹಾರ ಹಾಕುತ್ತಾರೆ, ನನಗೆ ಯಾರೂ ಹಾಕಲಿಲ್ಲ ಅಷ್ಟೆ.

ಅಲ್ಲಿಂದ ಎಲ್ಲ ಮಾತೂ ಚಿಂದಿಯ ಮುಖಾಂತರ. ದೊಡ್ಡವನ ಪ್ರಕಾರ ಚಿಕ್ಕವನು ಅವಳ ಚಿಕ್ಕಪ್ಪ, ಚಿಕ್ಕವನ ಪ್ರಕಾರ ದೊಡ್ಡವನು ಅವಳ ದೊಡ್ಡಪ್ಪ. ಆ ಲೆಕ್ಕ ಹಿಡಿದರೆ ಬೆಕ್ಕಿಗೆ ಇಬ್ಬರು ಅಪ್ಪಂದಿರಾದರು, ನಾನು ಸೋದರತ್ತೆ. ಅವಳು ಈ ಕೆಲಸಕ್ಕೆ ನನಗಿಂತ ಎಷ್ಟೋ ಮೇಲು. ಏನನ್ನೂ ತಿದ್ದುತ್ತಿರಲಿಲ್ಲ, ಯಾರ ಪರವೂ ವಹಿಸುತ್ತಿರಲಿಲ್ಲ, ಬೈಗುಳ ಜೋರಾದರೆ ಎದ್ದು ಹೋಗುತ್ತಿದ್ದಳು. ಅವಳು ಹೋದರೆ ಜಗಳವೂ ನಿಲ್ಲುತ್ತಿತ್ತು, ಏಕೆಂದರೆ ಮುಂದುವರಿಸಲು ದಾರಿ ಇರಲಿಲ್ಲ. ಗಿರಾಕಿಗಳೂ ಕಲಿತುಬಿಟ್ಟರು. ಬ್ಯಾಂಡಿನ ಸಮವಸ್ತ್ರಗಳನ್ನೆಲ್ಲ ನಮ್ಮಲ್ಲೇ ಹೊಲಿಸುವ ಬ್ಯಾಂಡ್ ಮಾಸ್ತರರು ಬಾಗಿಲಲ್ಲಿ ನಿಂತು, "ಚಿಂದಮ್ಮ, ಇಬ್ಬರಿಗೂ ಒಂದು ಮಾತು ಹೇಳಮ್ಮ, ನನಗೆ ನಾಳೆ ಬೇಕೇ ಬೇಕು" ಅನ್ನುತ್ತಿದ್ದರು.

ಹೀಗೆ ಅವಳು ನಮ್ಮಲ್ಲೇ ಮುದುಕಿಯಾದಳು. ಆಮೇಲೆ ಕಾಯಿಲೆ ಬಿದ್ದಳು. ಅದು ನನಗೆ ಎಂಥ ಸುದ್ದಿ ಎಂದು ನೀವೇ ಊಹಿಸಿ. ಮಧ್ಯಾಹ್ನವೆಲ್ಲ ನನ್ನ ಮಡಿಲಲ್ಲಿ ಮಲಗುವ ಜೀವ, ಸಂಕಟವಾಗದೆ ಇರುತ್ತದೆಯೇ? ಆದರೆ ಸಂಕಟದ ಹಿಂದೆ ಇನ್ನೊಂದು ಹೆದರಿಕೆಯೂ ಕೂತಿತ್ತು. ಅವಳು ಹೋದರೆ ಒಂದು ಜಾಗ ಖಾಲಿಯಾಗುತ್ತದೆ. ಆ ಜಾಗದಲ್ಲಿ ಹಿಂದೆ ಕೆಲಸ ಮಾಡಿ ಅನುಭವವಿದ್ದವಳು ಈ ಮನೆಯಲ್ಲಿ ನಾನೊಬ್ಬಳೇ.

ಮೊದಲು ಕಾಣಿಸಿದ್ದು ನೀರಡಿಕೆ. ಇಸ್ತ್ರಿಗೆ ಚಿಮುಕಿಸಲು ಇಟ್ಟ ಬಟ್ಟಲನ್ನು ದಿನಕ್ಕೆ ಎಷ್ಟು ಸಲ ತುಂಬಿದರೂ ಖಾಲಿ. ಆಮೇಲೆ ಮೈಮೇಲಿನ ಕೂದಲು ಒರಟಾಯಿತು, ಬೆನ್ನುಮೂಳೆ ಕೈಗೆ ಸಿಗತೊಡಗಿತು. ದೊಡ್ಡವನು ಕತ್ತಿನಲ್ಲಿದ್ದ ಟೇಪು ತೆಗೆದು ಅವಳ ಸೊಂಟದ ಅಳತೆ ತೆಗೆದುಕೊಂಡ.

"ಚಿಂದೀ, ನೀನು ಇಳಿದುಹೋಗಿದೀಯ ಅಂತ ನಿಮ್ಮ ಚಿಕ್ಕಪ್ಪನಿಗೆ ಹೇಳು."

"ಟೇಪನ್ನ ಅಷ್ಟು ಬಿಗಿ ಎಳೆದರೆ ಆನೆಯೂ ಇಳಿಯುತ್ತೆ ಅಂತ ಹೇಳಮ್ಮ."

ಚಿಕ್ಕವನು ಎದ್ದು ಬಂದು ತಾನೂ ಅಳೆದ. ಅಷ್ಟೇ ಬಂತು. ಅವನು ಟೇಪನ್ನು ಸುತ್ತಿಟ್ಟು ಮಷೀನಿನ ಮುಂದೆ ಹೋಗಿ ಕೂತ. ಬಹಳ ಹೊತ್ತು ಪೆಡಲು ತುಳಿಯಲಿಲ್ಲ.

ಪ್ರಾಣಿಗಳ ಆಸ್ಪತ್ರೆಗೆ ಇಬ್ಬರೂ ಹೊರಟರು. ಬುಟ್ಟಿಯನ್ನು ಹಿಡಿಯಲು ಒಬ್ಬ ಇನ್ನೊಬ್ಬನಿಗೆ ಬಿಡಲಿಲ್ಲ. ಆಚೆ ಹಿಡಿ ಒಬ್ಬನ ಕೈಯಲ್ಲಿ, ಈಚೆ ಹಿಡಿ ಇನ್ನೊಬ್ಬನ ಕೈಯಲ್ಲಿ. ನಾನು ಅಂಗಡಿ ಕಾದೆ. ತಿರುಗಿ ಬಂದ ಮೇಲೆ ಆದದ್ದನ್ನೆಲ್ಲ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದರು. ತಾನೊಬ್ಬನೇ ಹೋಗಿದ್ದ ಹಾಗಿತ್ತು ಇಬ್ಬರ ಕಥೆಯೂ. ಕಿಡ್ನಿ ಹಾಳಾಗಿದೆಯಂತೆ. ವಾಸಿಯಾಗುವಂಥದ್ದಲ್ಲ, ಆದರೆ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರೆ ಇನ್ನೊಂದಷ್ಟು ಕಾಲ ಸುಖವಾಗಿ ಇರುತ್ತಾಳೆ ಅಂದರಂತೆ ಡಾಕ್ಟರಮ್ಮ. ದಿನ ಬಿಟ್ಟು ದಿನ ಚರ್ಮದ ಕೆಳಗೆ ಸಲೈನ್ ಕೊಡಬೇಕು. ದಿನಕ್ಕೊಮ್ಮೆ ರಕ್ತದೊತ್ತಡದ ಮಾತ್ರೆ, ಅರ್ಧ. ಮೈ ಬೆಚ್ಚಗಿರಬೇಕು. ಡಾಕ್ಟರಮ್ಮ ಹೇಳುತ್ತಿದ್ದ ಹಾಗೆ ದೊಡ್ಡವನು, "ಚಿಂದೀ, ನಿಮ್ಮ ಚಿಕ್ಕಪ್ಪನಿಗೆ ಗಮನವಿಟ್ಟು ಕೇಳೋಕೆ ಹೇಳು" ಅಂದನಂತೆ. ಎಷ್ಟು ಅಕ್ಕರೆಯ ಮನೆ ಎಂದು ಆಕೆ ನಕ್ಕರಂತೆ.

ಸಲೈನ್ ಬಾಟಲಿಯನ್ನು ತೂಗುಹಾಕಲು ನಮ್ಮಲ್ಲಿ ಜಾಗ ಹುಡುಕಬೇಕಾಗಿರಲಿಲ್ಲ. ಹೊಲಿದು ಮುಗಿದ ಬಟ್ಟೆಗಳನ್ನು ತೂಗುಹಾಕುವ ಸರಳಿನಲ್ಲಿ, ಎರಡು ಕೋಟುಗಳ ನಡುವೆ ಅದೂ ಒಂದು ಬಟ್ಟೆಯ ಹಾಗೆ ಜೋತುಬಿತ್ತು. ಸೂಜಿ ಹಿಡಿಯುವ ಕೆಲಸ ತನ್ನದೆಂದು ಚಿಕ್ಕವನು ಮೊದಲೇ ತೀರ್ಮಾನಿಸಿದ್ದ. ಜೀವಮಾನವೆಲ್ಲ ಹಿಡಿದದ್ದು ಸೂಜಿಯೇ ತಾನೆ. ಬೆಕ್ಕನ್ನು ಹಿಡಿದುಕೊಳ್ಳುವುದು ದೊಡ್ಡವನ ಪಾಲಿಗೆ ಬಂತು. ಈಗ ತೊಡಕೇನೆಂದರೆ, ಇಬ್ಬರ ನಡುವೆ ಮಾತು ಹೊರಬೇಕಾದವಳೇ ಇಬ್ಬರ ಕೈಗೆ ಸಿಕ್ಕಿ ಗುರುಗುಟ್ಟುತ್ತಿದ್ದಳು.

"ಚಿಂದೀ, ಕತ್ತಿನ ಹಿಂದೆ ಚರ್ಮ ಮೇಲೆತ್ತಿ ಹಿಡಿ ಅಂತ ಹೇಳಮ್ಮ ನಿಮ್ಮ ದೊಡ್ಡಪ್ಪನಿಗೆ."

"ಎತ್ತಿ ಹಿಡಿದೇ ಇದೀನಿ, ಬೇಗ ಚುಚ್ಚಲಿ ಅಂತ ಹೇಳು."

"ಹಿಡಿದವರ ಕೈ ನಡುಗ್ತಿದ್ರೆ ಎಲ್ಲಿ ಅಂತ ಚುಚ್ಚೋದು ಅಂತ ಕೇಳು."

"ನಡುಗ್ತಿರೋದು ಕೈ ಅಲ್ಲ, ನೀನು ಅಂತ ಹೇಳು. ಹೇಳೇ."

ಚಿಂದಿ ಹೇಳಲಿಲ್ಲ, ಕಚ್ಚಿದಳು. ಅಷ್ಟರಲ್ಲಿ ಚಿಕ್ಕವನು ಚುಚ್ಚಿದ. ಕೈಯ ಅಭ್ಯಾಸ ನೋಡಿ, ಈ ಕಡೆ ಇಳಿಸಿದ ಸೂಜಿಯನ್ನು ಆ ಕಡೆ ಹೊರಗೆ ತೆಗೆದುಬಿಟ್ಟ, ಕಚ್ಚಾ ಹೊಲಿಗೆ ಹಾಕುವ ಹಾಗೆ. ನೀರೆಲ್ಲ ದೊಡ್ಡವನ ಅಂಗಿಯ ತೋಳಿನೊಳಗೆ ಇಳಿಯಿತು. ದೊಡ್ಡವನು ಒದ್ದೆ ತೋಳಿನಲ್ಲೇ ಬೆಕ್ಕನ್ನು ಬಿಡದೆ ಹಿಡಿದು ಕೂತಿದ್ದ, ಬೆರಳಿನಿಂದ ರಕ್ತ ಬರುತ್ತಿದ್ದರೂ. ಎರಡನೆಯ ಸಲ ಸರಿಹೋಯಿತು. ಕತ್ತಿನ ಹಿಂದೆ ಚರ್ಮ ನಿಧಾನವಾಗಿ ಉಬ್ಬಿ, ಚಿಂದಿ ದಿಂಬು ಹೊತ್ತುಕೊಂಡವಳ ಹಾಗೆ ಕಂಡಳು. ಆಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟದ್ದನ್ನು ನಾನು ಕೇಳಿದೆ.

ಮೈ ಬೆಚ್ಚಗಿರಬೇಕು ಅಂದಿದ್ದರಲ್ಲ, ಅವಳಿಗೊಂದು ಕೋಟು ಹೊಲಿಯುವುದೆಂದು ತೀರ್ಮಾನವಾಯಿತು. ಯಾರೂ ಯಾರಿಗೂ ಹೇಳಲಿಲ್ಲ. ದೊಡ್ಡವನು ಅಳತೆ ತೆಗೆದು, ಒಳ್ಳೆಯ ಉಣ್ಣೆಯ ತುಂಡೊಂದನ್ನು ಕತ್ತರಿಸಿ ಮೇಜಿನ ಮೇಲಿಟ್ಟ, ಚಿಕ್ಕವನು ಎತ್ತಿಕೊಂಡ. ಚಿಕ್ಕವನು ಹೆಚ್ಚು ಒಳಗೆ ಹಿಡಿಯುತ್ತಾನೆಂದು ದೊಡ್ಡವನು ದೊಡ್ಡದಾಗಿಯೇ ಕತ್ತರಿಸಿದ್ದ. ದೊಡ್ಡವನು ಗಿಡ್ಡ ಕತ್ತರಿಸುತ್ತಾನೆಂದು ಚಿಕ್ಕವನು ಅಂಚಿನಲ್ಲೇ ಹೊಲಿದ. ಮುಗಿದಾಗ ಅದು ಒಂದು ಕರುವಿಗೆ ಆಗುವಂತಿತ್ತು. ನಾನು ಗುಂಡಿ ಕೂರಿಸುವ ನೆಪದಲ್ಲಿ ಅಲ್ಲಲ್ಲಿ ಮಡಿಸಿ ಹಿಡಿದು ಬೆಕ್ಕಿನ ಗಾತ್ರಕ್ಕೆ ತಂದೆ. ಇಬ್ಬರೂ ನೋಡಿದರು. ತನ್ನ ಅಂದಾಜೇ ಸರಿಯಾಯಿತು ಎಂಬಂತೆ ಇಬ್ಬರೂ ತಲೆಯಾಡಿಸಿದರು.

ನೋಡಲು ಬರುವವರು ಹೆಚ್ಚಾದರು. ನನಗೆ ಮಂಡಿ ಹಿಡಿದು ಮಲಗಿದ್ದಾಗ ಬಾಗಿಲಲ್ಲೇ ನಿಂತು, "ವಯಸ್ಸಾಯ್ತಲ್ಲಜ್ಜಿ" ಅಂದು ಹೋಗಿದ್ದವರೆಲ್ಲ ಈಗ ಒಳಗೆ ಬಂದು ಕೂತರು. ನನ್ನ ಬಿಸಿನೀರಿನ ಚೀಲ ಚಿಂದಿಗೆ ಹೋಯಿತು. ಬ್ಯಾಂಡ್ ಮಾಸ್ತರರು ಬಂದರೆ ದೊಡ್ಡವನು ಅವರ ಕಿವಿಯ ಹತ್ತಿರ, "ಎಲ್ಲ ನಾನೇ ಮಾಡಬೇಕು ಸ್ವಾಮಿ, ಅವನಿಗೇನೂ ಗೊತ್ತಾಗಲ್ಲ" ಅನ್ನುತ್ತಿದ್ದ. ಅವರು ಈಚೆ ಬಂದರೆ ಚಿಕ್ಕವನು ಪೆಡಲು ನಿಲ್ಲಿಸಿ, "ನಾನಿಲ್ಲದಿದ್ರೆ ಬೆಕ್ಕು ಯಾವಾಗ್ಲೋ ಹೋಗ್ತಿತ್ತು" ಅನ್ನುತ್ತಿದ್ದ. ಮಾಸ್ತರರು ಇಬ್ಬರಿಗೂ, "ನೀವಿದ್ದೀರಲ್ಲ, ಸಾಕು" ಅಂದು ಹೋಗುತ್ತಿದ್ದರು.

ಈ ಮಾತುಗಳನ್ನು ಕೇಳುತ್ತ ನನಗೆ ಒಂದು ವಿಷಯ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ದೊಡ್ಡವನು ಬೆಳಗ್ಗೆ ಅಂಗಡಿ ಗುಡಿಸುವ ಮೊದಲೇ ಅರ್ಧ ಮಾತ್ರೆ ಕೊಡುತ್ತಿದ್ದ. ಆ ಹೊತ್ತಿಗೆ ನಾನೂ ಚಿಕ್ಕವನೂ ಒಳಗಿರುತ್ತಿದ್ದೆವು. ದೊಡ್ಡವನು ಚಹಾಕ್ಕೆಂದು ಬೀದಿಯ ತುದಿಗೆ ಹೋದಾಗ ಚಿಕ್ಕವನು ಅರ್ಧ ಮಾತ್ರೆ ಕೊಡುತ್ತಿದ್ದ. ಔಷಧದ ಅಂಗಡಿಯಿಂದಲೂ ಇಬ್ಬರೂ ಬೇರೆ ಬೇರೆಯಾಗಿಯೇ ತಂದಿದ್ದರು. ದೊಡ್ಡವನದು ಸೀಮೆಸುಣ್ಣದ ಡಬ್ಬಿಯಲ್ಲಿ, ಚಿಕ್ಕವನದು ಬಾಬಿನ್ನಿನ ಡಬ್ಬಿಯಲ್ಲಿ. ಚಿಕ್ಕವನು ಕೊಡುವುದನ್ನು ನಾನು ದಿನಾ ನೋಡುತ್ತಿದ್ದೆ. ಒಬ್ಬನಾದರೂ ನೆನಪಿಟ್ಟುಕೊಂಡು ಕೊಡುತ್ತಾನಲ್ಲ ಎಂದು ಸಮಾಧಾನಪಟ್ಟಿದ್ದೆ.

ಒಂದು ಮಧ್ಯಾಹ್ನ ಚಿಂದಿ ಮೇಜಿನಿಂದ ಇಳಿಯಲು ಹೋಗಿ ಹಿಂಗಾಲು ನಿಲ್ಲದೆ ಬಿದ್ದಳು. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಳು. ಕಣ್ಣು ತೆರೆದೇ ಇತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಅಂಗಡಿಯ ಬಾಗಿಲನ್ನು ಯಾರು ಎಳೆದರೋ ಗೊತ್ತಿಲ್ಲ. ಅವರಿಬ್ಬರು ಬುಟ್ಟಿಯ ಎರಡು ಹಿಡಿ ಹಿಡಿದು ಓಡಿದರು, ನಾನು ಮಂಡಿ ಹಿಡಿದುಕೊಂಡು ಹಿಂದೆ ನಡೆದೆ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಡಾಕ್ಟರಮ್ಮ ಚಿಂದಿಯ ಕಾಲಿಗೆ ನಳಿಗೆ ಹಾಕಿ, ಏನೋ ಒತ್ತಿ ನೋಡುತ್ತಿದ್ದರು.

"ಬಿ.ಪಿ. ತುಂಬ ಇಳಿದುಹೋಗಿದೆ. ಇವತ್ತು ಮಾತ್ರೆ ಕೊಟ್ಟಿದೀರಾ?"

"ಕೊಟ್ಟಿದೀನಿ" ಎಂದ ದೊಡ್ಡವನು.

"ಎಷ್ಟು?"

"ನೀವು ಹೇಳಿದಷ್ಟೇ. ಅರ್ಧ."

ಆಕೆ ಚಿಕ್ಕವನ ಕಡೆ ತಿರುಗಿದರು. "ಇವರು ಕೊಟ್ಟಿದ್ದನ್ನ ನೀವು ನೋಡಿದ್ರಾ?"

"ಇವರು ಎಲ್ಲಿ ಕೊಟ್ಟರು? ಕೊಟ್ಟಿದ್ದು ನಾನು."

"ಅದೇ ಅರ್ಧಾನಾ?"

"ಅದೇ ಅರ್ಧ ಅಂದ್ರೆ? ನನ್ನ ಡಬ್ಬಿಯಲ್ಲಿದ್ದ ಅರ್ಧ."

ಪಕ್ಕದ ಪಂಜರದಲ್ಲಿದ್ದ ಗಿಳಿಯೊಂದು ಏನೋ ಅಂದಿತು. ಡಾಕ್ಟರಮ್ಮ ಇಬ್ಬರನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಅಮ್ಮ, ಇವರಿಬ್ಬರೂ ಇರೋದು ಒಂದೇ ಮನೇಲಾ?"

"ಒಂದೇ ಮೇಜಲ್ಲಿ" ಅಂದೆ.

"ಮತ್ತೆ ಒಬ್ಬರನ್ನೊಬ್ಬರು ಕೇಳಲ್ವಾ, ಕೊಟ್ಯಾ ಅಂತ?"

"ಬೆಕ್ಕನ್ನ ಕೇಳ್ತಾರೆ."

ಆಕೆಗೆ ಮೊದಲ ದಿನದ ನಗು ನೆನಪಾಯಿತೇನೋ, ಈ ಸಲ ನಗಲಿಲ್ಲ. "ಬೆಕ್ಕು ಏನಂತು?"

ಬೆಕ್ಕು ತನಗೆ ತಿಳಿದಂತೆ ಹೇಳಿಯೇ ಇತ್ತು. ಚಿಕ್ಕವನು ಕೊಟ್ಟದ್ದನ್ನು ದಿನಾ ಉಗುಳುತ್ತಿತ್ತು. ಅವನು ದಿನಾ ಬಾಯಿ ಬಿಡಿಸಿ ಮತ್ತೆ ನುಂಗಿಸುತ್ತಿದ್ದ, "ನಿಮ್ಮ ದೊಡ್ಡಪ್ಪನ ಹಠ ನಿನಗೂ ಬಂದಿದೆ" ಅನ್ನುತ್ತ. ಅದನ್ನು ನಾನು ಡಾಕ್ಟರಮ್ಮನಿಗೆ ಹೇಳಿದೆ. ದೊಡ್ಡವನು ಕತ್ತಿನ ಟೇಪನ್ನು ತೆಗೆದು ಸುಮ್ಮನೆ ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

ಚಿಂದಿ ಆಸ್ಪತ್ರೆಯಲ್ಲೇ ಉಳಿದಳು. ಬದುಕುತ್ತಾಳೋ ಇಲ್ಲವೋ ನಾಳೆ ಹೇಳುತ್ತೇನೆ ಅಂದರು. ಖಾಲಿ ಬುಟ್ಟಿಯನ್ನು ನಾನು ಹಿಡಿದು ತಂದೆ. ಅದಕ್ಕೆ ಯಾರೂ ಜಗಳವಾಡಲಿಲ್ಲ.

ಅಂಗಡಿ ತೆರೆದೆವು. ಬ್ಯಾಂಡ್ ಮಾಸ್ತರರ ಹೊಸ ಕೋಟು ಸಾಯಂಕಾಲಕ್ಕೆ ಬೇಕಿತ್ತು. ದೊಡ್ಡವನು ಕತ್ತರಿಸಿ ಮುಗಿಸಿದ. ಬಾಯಿ ತೆರೆದು ಮೇಜಿನ ಮೂಲೆ ನೋಡಿದ. ಮೂಲೆ ಖಾಲಿ. ಸ್ವಲ್ಪ ಹೊತ್ತು ಕೆಮ್ಮಿ, ಇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿ, "ಒಳಗಿನ ಅಸ್ತರು ನೀಲಿದು ಹಾಕಬೇಕು" ಅಂದ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿತ್ತು, ಅಷ್ಟೇ. ಚಿಕ್ಕವನಿಗೆ ಅದು ತನಗೋ ಪೆಟ್ಟಿಗೆಗೋ ಎಂದು ತಿಳಿಯಲಿಲ್ಲ. ಆಮೇಲೆ ದೊಡ್ಡವನು ಬಾಗಿಲ ಬಳಿ ಕೋಟು ತೊಡಿಸಿಡುವ ಬೊಂಬೆಗೆ ಹೇಳಿ ನೋಡಿದ. ಅದಕ್ಕೆ ತಲೆಯೇ ಇಲ್ಲ, ಕತ್ತಿನವರೆಗೆ ಮಾತ್ರ. ಆದರೂ ಅದರ ಹೆಗಲ ಮೇಲೆ ಕೈಯಿಟ್ಟು ಏನೋ ಗೊಣಗಿದ. ಕೊನೆಗೆ ಅವನ ಕಣ್ಣು ನನ್ನ ಮೇಲೆ ಬಿತ್ತು.

ನಾನು ಆಗಲೇ ದಾರದ ತುದಿಯನ್ನು ತುಟಿಯ ನಡುವೆ ಹಿಡಿದಿದ್ದೆ.

"ಅಕ್ಕಾ."

"ಉಂ."

"ದಾರ ತೆಗಿ ಬಾಯಿಂದ."

ನಾನು ತಲೆಯಾಡಿಸಿ ಹಿತ್ತಾಳೆಯ ಗುಂಡಿಗಳನ್ನು ತೋರಿಸಿದೆ. ಬ್ಯಾಂಡಿನ ಕೋಟಿಗೆ ಗುಂಡಿ ಸಾಲುಸಾಲು, ದಾರವನ್ನು ಬಾಯಲ್ಲಿ ಇಟ್ಟುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಕೆ? ಸಂಜೆಯವರೆಗೂ ಬಾಯಿ ಬಿಡಲಿಲ್ಲ. ಚಹಾ ಕೂಡ ಕುಡಿಯಲಿಲ್ಲ. ಎದೆಯೊಳಗೆ ಮಾತ್ರ ಬೆಕ್ಕಿಗೆ ಹೇಳುತ್ತಲೇ ಇದ್ದೆ: ಎದ್ದು ಬಾರೆ ನನ್ನ ತಾಯಿ, ಈ ವಯಸ್ಸಿನಲ್ಲಿ ನನ್ನಿಂದಾಗಲ್ಲ.

ಮಾಸ್ತರರು ಬಂದು ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಎರಡು ಹೆಗಲನ್ನೂ ತಡವಿ ನೋಡಿದರು.

"ಹೆಗಲ ಪಟ್ಟಿ ಎಲ್ರೀ?"

"ಹೇಳಿದ್ನಲ್ಲ" ಎಂದ ದೊಡ್ಡವನು.

"ಯಾರಿಗೆ?"

ದೊಡ್ಡವನು ಬೊಂಬೆಯ ಕಡೆ ನೋಡಿದ. ಮಾಸ್ತರರೂ ಬೊಂಬೆಯ ಕಡೆ ನೋಡಿದರು. "ಬೆಕ್ಕು ಇದ್ದಾಗ ಈ ಅಂಗಡಿ ಹೀಗಿರಲಿಲ್ಲ" ಅಂದು, ಪಟ್ಟಿಯಿಲ್ಲದ ಹೆಗಲಲ್ಲೇ ಬಾರಿಸಲು ಹೋದರು.

ಮರುದಿನ ಹೋದಾಗ ಚಿಂದಿ ಎದ್ದು ಕೂತಿದ್ದಳು. ತೆಳ್ಳಗೆ, ಸಿಟ್ಟಾಗಿ, ನಮ್ಮ ಮೂವರ ಕಡೆಗೂ ಬೆನ್ನು ಹಾಕಿ. ತಮ್ಮಂದಿರು ಎರಡು ಕಡೆಯಿಂದ ಬುಟ್ಟಿ ಮುಂದೆ ಚಾಚಿದರು. ಡಾಕ್ಟರಮ್ಮ ಕೊಡಲಿಲ್ಲ.

"ಇನ್ನು ಮೇಲೆ ಮಾತ್ರೆ ಯಾರು ಕೊಡ್ತೀರಿ? ಮೊದಲು ಅದು ತೀರ್ಮಾನವಾಗಲಿ. ನನಗೆ ಹೇಳಬೇಡಿ, ಅವರಿಗೆ ಹೇಳಿ."

ದೊಡ್ಡವನು ಬೆಕ್ಕಿನ ಕಡೆ ಬಗ್ಗಿದ. "ಚಿಂದೀ, ನಿಮ್ಮ ಚಿಕ್ಕಪ್ಪನಿಗೆ..."

ಡಾಕ್ಟರಮ್ಮ ತಮ್ಮ ಎರಡೂ ಅಂಗೈಗಳಿಂದ ಬೆಕ್ಕಿನ ಕಿವಿ ಮುಚ್ಚಿದರು. "ಇವಳಿಗೆ ಹುಷಾರಿಲ್ಲ. ಇವಳ ಹತ್ತಿರ ಕೆಲಸ ಮಾಡಿಸಬೇಡಿ."

ಗೋಡೆಯ ಮೇಲೆ ನಾಯಿಯ ಹಲ್ಲುಗಳ ಚಿತ್ರವಿತ್ತು. ದೊಡ್ಡವನು ಅದನ್ನು ಒಂದೊಂದು ಹಲ್ಲಾಗಿ ನೋಡಿ ಮುಗಿಸಿದ. ಆಮೇಲೆ ಆ ಚಿತ್ರಕ್ಕೇ ಹೇಳುವವನಂತೆ, "ಮಾತ್ರೆ ಬೆಳಗ್ಗೆ ನಾನು ಕೊಡ್ತೀನಿ" ಅಂದ.

"ಮುಖ ನೋಡಿ ಹೇಳಿ."

ಅವನು ತಿರುಗಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನೋಡಿ ಎಷ್ಟು ಕಾಲವಾಗಿತ್ತೋ, ಚಿಕ್ಕವನಿಗೆ ಅಣ್ಣನ ತಲೆ ಬೋಳಾದದ್ದು ಆಗಲೇ ಗೊತ್ತಾದಂತಿತ್ತು, ಹಾಗೆ ದಿಟ್ಟಿಸಿದ.

"ಬೆಳಗ್ಗೆ ನಾನು ಕೊಡ್ತೀನಿ."

"ಕೊಟ್ಟ ಮೇಲೆ ಹೇಳಬೇಕು."

"ಹೇಳ್ತೀನಿ."

"ಸರಿ."

ಹಲ್ಲು ಕೀಳಿಸಿಕೊಂಡವರ ಹಾಗೆ ಇಬ್ಬರ ಮುಖದಲ್ಲೂ ಬೆವರಿತ್ತು. ಡಾಕ್ಟರಮ್ಮ ಅಂಗೈ ತೆಗೆದು ಬೆಕ್ಕನ್ನು ಬುಟ್ಟಿಗೆ ಇಳಿಸಿದರು.

ಅಂದಿನಿಂದ ದಿನಾ ಬೆಳಗ್ಗೆ ಅಂಗಡಿಯಲ್ಲಿ ಒಂದು ಮಾತು ಹುಟ್ಟಿತು. "ಕೊಟ್ಟೆ." "ಹೂಂ." ಅಷ್ಟೇ. ಔಷಧದ ಹಾಗೆ ಅಳತೆಯಾಗಿ, ಒಂದು ಹನಿ ಹೆಚ್ಚಿಲ್ಲ. ಸ್ವಲ್ಪ ದಿನ ಕಳೆದ ಮೇಲೆ, "ತಿಂದಳಾ?" ಎಂಬುದು ಸೇರಿತು. ಆಮೇಲೆ, "ಉಚ್ಚೆ ಹೊಯ್ದಳಾ?" "ಹೊಯ್ದಳು." "ಎಷ್ಟು?" "ಚೆನ್ನಾಗಿ." ಮಾತು ಬಿಟ್ಟ ಅಣ್ಣ ತಮ್ಮ ಏನು ವಿಷಯಕ್ಕೆ ಮತ್ತೆ ಬಾಯಿ ಬಿಟ್ಟರು ಎಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಗೆ ಹೇಳಲಿ? ಸೂಜಿ ಹಾಕುವಾಗ, "ಹಿಡಿ", "ಹಿಡಿದೆ", "ಚುಚ್ಚು", "ಆಯ್ತು" ಎಂಬಷ್ಟು ಸಲೀಸಾಯಿತು. ಆದರೆ ಬಟ್ಟೆಯ ಮಾತು ಬಂದರೆ ಹಳೆಯ ಕ್ರಮವೇ. ಸೂಜಿ ತೆಗೆದ ಮರುಕ್ಷಣ ದೊಡ್ಡವನು, "ಚಿಂದೀ, ಆ ಪ್ಯಾಂಟಿನ ಅಂಚು ಮಡಿಸೋಕೆ ಹೇಳು ನಿಮ್ಮ ಚಿಕ್ಕಪ್ಪನಿಗೆ" ಅನ್ನುತ್ತಿದ್ದ. ಬೆಕ್ಕಿನ ಬಗ್ಗೆಯಾದರೆ ನೇರ, ಬಟ್ಟೆಯ ಬಗ್ಗೆಯಾದರೆ ಬೆಕ್ಕು. ಇಬ್ಬರೂ ಈ ಗೆರೆಯನ್ನು ಮೀರಲಿಲ್ಲ.

ಡಾಕ್ಟರಮ್ಮ ಹೇಳಿದಂತೆ ಇನ್ನೊಂದಷ್ಟು ಕಾಲ ಅವಳು ಸುಖವಾಗಿಯೇ ಇದ್ದಳು. ಚಳಿ ಮುಗಿಯುತ್ತ ಬಂದಾಗ ತಿನ್ನುವುದನ್ನು ಬಿಟ್ಟಳು. ದೊಡ್ಡವನು ಬೆರಳಿಗೆ ಸವರಿ ಬಾಯಿಗಿಟ್ಟರೂ ಮುಖ ತಿರುಗಿಸಿದಳು. ಒಂದು ದಿನ ಮೇಜಿನ ಮೇಲೆ ಬಟ್ಟೆ ಹಾಸಿ, ಗೆರೆ ಎಳೆದು, ಕತ್ತರಿ ಎತ್ತಿಕೊಂಡಾಗ ಅವಳು ತನ್ನ ಕೋಟು ಸಮೇತ ಬಂದು ಸರಿಯಾಗಿ ಗೆರೆಯ ಮೇಲೆ ಮಲಗಿದಳು. ಎಬ್ಬಿಸಲು ದೊಡ್ಡವನಿಗೆ ಮನಸ್ಸಾಗಲಿಲ್ಲ. ಕತ್ತರಿ ಕೆಳಗಿಟ್ಟು ಕಾದ. ಚಿಕ್ಕವನೂ ಮಷೀನು ನಿಲ್ಲಿಸಿ ಬಂದು ನಿಂತ. ಎಷ್ಟು ಹೊತ್ತು ನಿಂತಿದ್ದರೋ. ಆಮೇಲೆ ಚಿಕ್ಕವನು ಅವಳ ಪಕ್ಕೆಯ ಮೇಲೆ ಕೈಯಿಟ್ಟು ನೋಡಿ, "ಹೋದಳು" ಅಂದ. "ಹೂಂ" ಅಂದ ದೊಡ್ಡವನು.

ಹಿಂದಿನ ಅಂಗಳದಲ್ಲಿ, ಕೋಟನ್ನು ಬಿಚ್ಚದೆಯೇ ಮಣ್ಣು ಮಾಡಿದರು. ಒಬ್ಬ ಅಗೆದ, ಒಬ್ಬ ಮಣ್ಣು ಎಳೆದ. ಅವಳು ಮಲಗಿದ್ದ ಬಟ್ಟೆ ಗಿರಾಕಿಯದು, ಅದನ್ನು ಕತ್ತರಿಸದೆ ಮಡಿಸಿಟ್ಟರು. ಬೇರೆ ತಂದುಕೊಡುತ್ತೇವೆ ಎಂದು ಗಿರಾಕಿಗೆ ಹೇಳುವ ಕೆಲಸ ಮಾತ್ರ ನನಗೆ ಬಂತು. ಹಳೆಯ ಕೆಲಸ ತಿರುಗಿ ನನ್ನ ಕಡೆಗೇ ಬರುತ್ತಿದೆ ಎಂದು ಆಗಲೇ ಅನ್ನಿಸಿತು.

ಮರುದಿನ ಅಂಗಡಿ ತೆರೆದೆವು. ಮಾತ್ರೆ ಇಲ್ಲ, ಹಾಗಾಗಿ "ಕೊಟ್ಟೆ" ಇಲ್ಲ. ಸರಳಿನಲ್ಲಿ ಖಾಲಿ ಬಾಟಲಿ ಇನ್ನೂ ತೂಗುತ್ತಿತ್ತು. ನಾನು ಎಂದಿನ ಜಾಗದಲ್ಲಿ, ಮೇಜಿನ ತುದಿಗೆ, ಇಬ್ಬರಿಗೂ ನಡುವೆ ಕೂತು ಕಾಜ ಹಾಕುತ್ತಿದ್ದೆ. ದೊಡ್ಡವನು ಒಂದು ಅಂಗಿ ಕತ್ತರಿಸಿ ಮುಗಿಸಿದ. ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿದ. ತಲೆಯೆತ್ತಿ ಮೇಜಿನ ಮೂಲೆ ನೋಡಿದ. ನಾನು ಮೆಲ್ಲಗೆ ದಾರವನ್ನು ತುಟಿಗೆ ಇಟ್ಟುಕೊಂಡೆ.

"ಅಕ್ಕಾ."

ಬಂತು ಎಂದುಕೊಂಡೆ. "ಉಂ."

"ಸ್ವಲ್ಪ ಈಚೆ ಸರಿದು ಕೂತ್ಕೋ. ಅವನ ಮುಖ ಕಾಣ್ತಿಲ್ಲ."

ನಾನು ಕುರ್ಚಿ ಎಳೆದುಕೊಂಡು ಗೋಡೆಯವರೆಗೂ ಸರಿದೆ. ಸ್ವಲ್ಪ ಅಂದಿದ್ದ, ನಾನು ಎಷ್ಟು ಸರಿಯಲು ಸಾಧ್ಯವೋ ಅಷ್ಟು ಸರಿದೆ.

"ಲೋ" ಎಂದ ದೊಡ್ಡವನು.

ಚಿಕ್ಕವನು ತಲೆಯೆತ್ತಿದ.

"ಆ ಕೋಟಿನ ತೋಳನ್ನ ನಾನು ಸರಿಯಾಗೇ ಕತ್ತರಿಸಿದ್ದೆ."

ಪೆಡಲು ನಿಂತಿತು. ಚಿಕ್ಕವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡ.

"ಗಿಡ್ಡ ಇತ್ತಣ್ಣ. ನಾನು ಹೊಲಿಯೋಕೆ ಕೈಗೆ ತಗೊಂಡಾಗಲೇ ಗಿಡ್ಡ ಇತ್ತು."

"ಗಿಡ್ಡ ಇದ್ದಿದ್ರೆ ಆಗಲೇ ಹೇಳಬೇಕಿತ್ತು."

"ಹೇಳಿದ್ರೆ ಕೇಳೋ ಮನುಷ್ಯನಾ ನೀನು? ಕತ್ತರಿ ಹಿಡಿದ್ರೆ ದೇವರು ಬಂದ ಹಾಗೆ ಆಡ್ತೀಯ."

"ಕತ್ತೆ."

"ನೀನು."

ಅದನ್ನು ಒಗೆಯಲೂ ಇಲ್ಲ, ಇಸ್ತ್ರಿ ಮಾಡಲೂ ಇಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ಕತ್ತೆ ನೇರವಾಗಿ ಅತ್ತ ಹೋಯಿತು, ಅಲ್ಲಿಂದ ನೇರವಾಗಿ ಇತ್ತ ಬಂತು. ಮಧ್ಯಾಹ್ನದವರೆಗೂ ನಡೆಯಿತು. ಇಬ್ಬರೂ ಎದ್ದು ನಿಂತು, ಒಂದು ಹಳೆಯ ತೋಳನ್ನು ಗಾಳಿಯಲ್ಲಿ ಹಿಡಿದು ಅಳೆದು ತೋರಿಸುತ್ತಿದ್ದಾಗ ಬ್ಯಾಂಡ್ ಮಾಸ್ತರರು ಅಂದು ಬಿಟ್ಟುಹೋದ ಹೆಗಲ ಪಟ್ಟಿಗೆಂದು ಕೊನೆಗೂ ಆ ಕೋಟು ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು ಮೇಜಿನ ಖಾಲಿ ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ಯಾರಿಗೆ ಹೇಳ್ಲಿ?"

"ನನಗೆ ಹೇಳಿ" ಅಂದರು ಇಬ್ಬರೂ, ಒಂದೇ ಸಲ. ಆಮೇಲೆ ಅದಕ್ಕೂ ಜಗಳ ಶುರುವಾಯಿತು.

ನಾನು ಬಾಯಿಂದ ದಾರ ತೆಗೆದು ಸೂಜಿಗೆ ಪೋಣಿಸಿದೆ.